ಒಂದು ಹಬ್ಬ ಹಿಂದೆ ಬಿದ್ದ ಕೊಂಡಿಗಳು

ಹೈದರಾಬಾದಿನ ನಾರಾಯಣಗೂಡದ ಒಂದು ಹಳೆಯ ಕಾಲೇಜಿನ ಮೊದಲ ಮಹಡಿಯಲ್ಲಿ, ಪ್ರಾಣಿಶಾಸ್ತ್ರ ವಿಭಾಗದ ಪಕ್ಕದಲ್ಲಿ ನಮ್ಮ ಕೋಣೆ. ಮೊದಲು ಅಲ್ಲಿ ಗಾಜಿನ ಜಾಡಿಗಳಲ್ಲಿ ಹಾವು, ಕಪ್ಪೆ, ಎರಡು ತಲೆಯ ಕುರಿಮರಿ ಇದ್ದವು. ಜಾಡಿಗಳನ್ನು ಸಾಗಿಸಿ ಎಷ್ಟೋ ಕಾಲವಾಯಿತು. ವಾಸನೆ ಮಾತ್ರ ಗೋಡೆ ಬಿಟ್ಟಿಲ್ಲ. ಒಂದು ಉದ್ದನೆಯ ಮೇಜು, ಮೂರು ಕುರ್ಚಿ, ಎರಡು ಕಂಪ್ಯೂಟರು, ಗೋಡೆಯುದ್ದಕ್ಕೂ ನಮ್ಮ ತ್ರೈಮಾಸಿಕದ ಹಳೆಯ ಸಂಪುಟಗಳು. ಕಳೆದ ವರ್ಷ ನಾನು ಬಹುಪಾಲು ಅಲ್ಲೇ ಇದ್ದೆ. ನನ್ನ ವಯಸ್ಸಿನ ಹೆಂಗಸರು ಬೆಳಗಾದರೆ ದೇವಸ್ಥಾನಕ್ಕೋ ಆಸ್ಪತ್ರೆಗೋ ಹೋಗುತ್ತಾರೆ. ನಾನು ಹುಳುಗಳ ಬಳಿಗೆ ಹೋಗುತ್ತಿದ್ದೆ, ಸಂತೋಷವಾಗಿಯೇ ಹೋಗುತ್ತಿದ್ದೆ.

ಪತ್ರಿಕೆ ಜೀವವಿಜ್ಞಾನದ್ದು. ಹೈದರಾಬಾದ್, ಬೀದರ್, ಕಲಬುರಗಿ, ರಾಯಚೂರು, ಮಹಬೂಬನಗರ ಸೀಮೆಯ ಕಾಲೇಜು ಅಧ್ಯಾಪಕರು ಕಟ್ಟಿಕೊಂಡ ಒಂದು ಸಂಘ ಅದನ್ನು ಇಂಗ್ಲಿಷಿನಲ್ಲಿ ಹೊರತರುತ್ತದೆ. ಕೆರೆಯ ಬಸವನಹುಳು, ಆಡಿನ ಹೊಟ್ಟೆಯ ಜಂತು, ತೊಗರಿಯ ಕಾಯಿಕೊರಕ, ಇಂಥವೇ ಅದರ ವಿಷಯ. ಸಂಪಾದಕರು ವಿಜಯಪುರದ ಕಡೆಯವರು. ಅದೇ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ನಾನು ಅಲ್ಲಿಯ ಗ್ರಂಥಾಲಯ ನೋಡಿಕೊಂಡಿದ್ದವಳು. ನಾನು ಅಧಿಕಾರದಲ್ಲಿದ್ದಾಗ ಅವರು ತಡಮಾಡಿ ಹಿಂದಿರುಗಿಸಿದ ಪುಸ್ತಕಗಳಿಗೆ ದಂಡ ಹಾಕಿದ್ದೇನೆ, ಅವರು ತಕರಾರಿಲ್ಲದೆ ಕಟ್ಟಿದ್ದಾರೆ. ನಮ್ಮ ಸ್ನೇಹಕ್ಕೆ ಅದೇ ತಳಹದಿ.

ಒಂದು ದಿನ ಅವರು ಮನೆಗೆ ಬಂದರು. ಚಹಾ ಕುಡಿದರು. ಖಾಲಿ ಬಟ್ಟಲನ್ನು ಕೈಯಲ್ಲೇ ತಿರುಗಿಸುತ್ತ ಕೂತರು.

"ಏನ್ರಿ ಸರ್, ಹೇಳ್ರಿ" ಎಂದೆ.

"ಬಾಯಾರ, ಪತ್ರಿಕಾ ಮುಚ್ಚೂದು ಬರತೈತಿ."

"ಯಾಕ?"

"ಪೇಪರ್ ಯಾರೂ ಕಳಸವಲ್ಲರು. ಕಳಸೋ ಮೊದಲ ಕೇಳ್ತಾರ, ಸರ್, ನೀವು ಸೂಚಿಯೊಳಗ ಅದೀರೇನು ಅಂತ. ಇಲ್ಲ ಅಂದ್ರ ಫೋನ್ ಇಡ್ತಾರ. ನಮ್ಮ ಕೈಯಾಗ ಕಲ್ತವರ ಹಂಗ ಮಾಡಾಕತ್ತಾರ್ರಿ."

ಸೂಚಿಯೆಂದರೆ ಜಗತ್ತಿನ ಜೀವವಿಜ್ಞಾನ ಪತ್ರಿಕೆಗಳ ಲೇಖನಗಳನ್ನೆಲ್ಲ ಒಂದೆಡೆ ಹುಡುಕಲು ಕೊಡುವ ದೊಡ್ಡ ವ್ಯವಸ್ಥೆ. ಅದರಲ್ಲಿ ಸೇರದ ಪತ್ರಿಕೆಯಲ್ಲಿ ಬರೆದರೆ ಈಗಿನ ಅಧ್ಯಾಪಕರಿಗೆ ಬಡ್ತಿಯ ಹೊತ್ತಿಗೆ ಅದು ಬರೆದ ಲೆಕ್ಕವೇ ಅಲ್ಲ. ಸೂಚಿಯವರ ಷರತ್ತು ಸ್ಪಷ್ಟವಾಗಿತ್ತು: ಹಳೆಯ ಸಂಚಿಕೆಗಳೆಲ್ಲ ಅಂತರ್ಜಾಲದಲ್ಲಿ ಇರಬೇಕು, ಪ್ರತಿ ಲೇಖನಕ್ಕೂ ಶಾಶ್ವತ ಸಂಖ್ಯೆ ಇರಬೇಕು, ಲೇಖನದ ಕೊನೆಯಲ್ಲಿ ಬರುವ ಉಲ್ಲೇಖಗಳನ್ನು ಒತ್ತಿದರೆ ಆಯಾ ಲೇಖನ ತೆರೆಯಬೇಕು. ಅವರು ಬಂದು ನೋಡಿ ಒಪ್ಪಿದರೆ ಪತ್ರಿಕೆ ಉಳಿಯುತ್ತದೆ. ಒಪ್ಪದಿದ್ದರೆ ಸಂಕ್ರಾಂತಿಯ ಆಚೆ ಸಂಘದ ಸಭೆ, ಮುಚ್ಚುವ ನಿರ್ಣಯ. ಸಂಘದವರು ಅಷ್ಟನ್ನು ಆಗಲೇ ಮಾತಾಡಿಕೊಂಡಿದ್ದರು. ಸಂಪಾದಕರಿಗೆ ಮಕ್ಕಳಿಲ್ಲ, ಹೆಂಡತಿ ತೀರಿಹೋಗಿ ಕೆಲವು ವರ್ಷಗಳಾಗಿವೆ. ಅವರು ದಿನಾ ಬೆಳಿಗ್ಗೆ ಇಸ್ತ್ರಿಯ ಅಂಗಿ ತೊಟ್ಟು ಹೊರಬೀಳುವುದು ಆ ಕೋಣೆಗಾಗಿ. ಅದು ನನಗೆ ಗೊತ್ತಿತ್ತು. ಅವರು ಅದನ್ನು ಹೇಳಲಿಲ್ಲ.

"ನಾಳೆಯಿಂದ ಬರ್ತೀನಿ" ಎಂದೆ. "ಆದರೆ ಊಟದ ಹೊತ್ತಿಗೆ ಊಟ, ಚಹದ ಹೊತ್ತಿಗೆ ಚಹಾ. ನಡುವ ಹರಟಿ ಇಲ್ಲ."

"ಹೂಂನ್ರಿ" ಎಂದರು, ದಂಡ ಕಟ್ಟುವಾಗಿನ ಅದೇ ಮುಖದಲ್ಲಿ.

ನನ್ನ ತಂದೆ ವಾಡಿ ಸಿಕಂದರಾಬಾದ್ ಮಾರ್ಗದ ಸಣ್ಣ ಸಣ್ಣ ಸ್ಟೇಷನ್ನುಗಳಲ್ಲಿ ಸ್ಟೇಷನ್ ಮಾಸ್ತರರಾಗಿದ್ದರು. ನಮ್ಮ ಮನೆಯಲ್ಲಿ ಸ್ನಾನ ಒಂದು ಗಾಡಿಗೆ, ಓದು ಒಂದು ಗಾಡಿಗೆ, ದೀಪ ಆರಿಸುವುದು ಇನ್ನೊಂದು ಗಾಡಿಗೆ. ಗಾಡಿ ತಡವಾದರೆ ತಂದೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು, ಮಕ್ಕಳು ತಡಮಾಡಿದರೆ ಹಾಗೆ ಮಾಡಿಕೊಳ್ಳುತ್ತಿರಲಿಲ್ಲ, ಮಾತಾಡಿಸುವುದನ್ನೇ ನಿಲ್ಲಿಸುತ್ತಿದ್ದರು. ಹಾಗೆ ಬೆಳೆದವಳಿಗೆ ಗ್ರಂಥಾಲಯದ ಕೆಲಸ ಕಷ್ಟವೇನಲ್ಲ. ಕಷ್ಟವಿದ್ದದ್ದು ಬೇರೆ ಕಡೆ. ಆಗ ಒಬ್ಬ ಅಧ್ಯಾಪಕನಿಗೆ ಒಂದು ಹಳೆಯ ಲೇಖನ ಬೇಕೆಂದರೆ ಅದು ಯಾವ ಊರಿನ ಯಾವ ಗ್ರಂಥಾಲಯದಲ್ಲಿದೆ ಎಂದು ಹುಡುಕಬೇಕು, ಅಲ್ಲಿಗೆ ಕಾರ್ಡು ಬರೆಯಬೇಕು, ಕಾಯಬೇಕು. ಬಂದ ನಕಲಿನಲ್ಲಿ ಒಂದು ಪುಟ ಮಸುಕಾಗಿರುತ್ತಿತ್ತು, ಅದು ಯಾವಾಗಲೂ ಬೇಕಾದ ಪುಟವೇ. ಆ ಲೇಖನದ ಕೊನೆಯಲ್ಲಿ ಇನ್ನೊಂದರ ಉಲ್ಲೇಖ ಕಂಡರೆ ಮತ್ತೆ ಕಾರ್ಡು, ಮತ್ತೆ ಕಾಯುವುದು. ಮೂರು ಲೇಖನ ಹಿಂದಕ್ಕೆ ಹೋಗುವಷ್ಟರಲ್ಲಿ ಕೇಳಿದವರು ವರ್ಗವಾಗಿ ಹೋಗಿರುತ್ತಿದ್ದರು.

ನಮ್ಮ ಕೋಣೆಯ ಮೂರನೆಯ ಕುರ್ಚಿಯವಳು ನಗರದ ಇನ್ನೊಂದು ತುದಿಯ ಮಣಿಕೊಂಡದಿಂದ ಬರುತ್ತಿದ್ದಳು. ಸಂಪಾದಕರ ಹಳೆಯ ವಿದ್ಯಾರ್ಥಿನಿ. ತಾಯಿ ರಾಯಚೂರಿನವರು, ತಂದೆ ತೆಲುಗರು, ಅವಳ ಕನ್ನಡಕ್ಕೆ ಎರಡೂ ಮನೆಯ ರುಚಿ. ಹೊರದೇಶದ ಜೀವವಿಜ್ಞಾನ ಪತ್ರಿಕೆಗಳನ್ನು ಅಂತರ್ಜಾಲಕ್ಕೆ ಸಿದ್ಧಮಾಡಿಕೊಡುವ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಳು. ಶನಿವಾರಗಳನ್ನೂ ಉಳಿದಿದ್ದ ರಜೆಗಳನ್ನೂ ನಮಗೆ ಕೊಟ್ಟಳು. ಮೊದಲ ದಿನವೇ ಶಾಶ್ವತ ಸಂಖ್ಯೆಯೆಂದರೆ ಏನೆಂದು ನನಗೆ ತಿಳಿಸಿದಳು. ಲೇಖನದ ವಿಳಾಸ ಬದಲಾಗಬಹುದು, ಇಂದು ಈ ಕಂಪ್ಯೂಟರಿನಲ್ಲಿದ್ದದ್ದು ನಾಳೆ ಇನ್ನೊಂದಕ್ಕೆ ಹೋಗಬಹುದು, ಸಂಖ್ಯೆ ಬದಲಾಗದು. ಸಂಖ್ಯೆಯನ್ನು ನೋಂದಾಯಿಸಿಕೊಂಡ ಕೇಂದ್ರಕ್ಕೆ ಹೊಸ ವಿಳಾಸ ತಿಳಿಸುತ್ತಿದ್ದರೆ ಸಾಕು, ಒತ್ತಿದವರು ಸರಿಯಾದ ಬಾಗಿಲಿಗೇ ಹೋಗುತ್ತಾರೆ.

"ಆಧಾರ್ ಇದ್ದಂಗ ಆಂಟಿ. ಮನೆ ಬದಲಾದ್ರೂ ನಂಬರ್ ಅದೇ."

"ಆಧಾರ್‌ನ್ಯಾಗ ನನ್ನ ಫೋಟೋ ನೋಡಿದ್ರ ನಾನಂತ ಯಾರೂ ನಂಬಂಗಿಲ್ಲ."

"ನಂಬರ್ ನಂಬ್ತಾರೆ ಆಂಟಿ, ಫೋಟೋ ಯಾರು ನೋಡ್ತಾರೆ" ಎಂದಳು.

ಮೊದಲ ಹತ್ತಾರು ಲೇಖನಗಳನ್ನು ಜೋಡಿಸಿ ಮುಗಿದ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಅವಳು ನನ್ನ ಕೈಗೆ ಮೌಸ್ ಕೊಟ್ಟಳು. ಕೆರೆಯ ಬಸವನಹುಳುವಿನ ಒಂದು ಹೊಸ ಲೇಖನ ತೆರೆದಿತ್ತು. ಉಲ್ಲೇಖವೊಂದನ್ನು ಒತ್ತಿದೆ, ಹೊರದೇಶದ ಪತ್ರಿಕೆಯ ಒಂದು ಹಳೆಯ ಲೇಖನ ಬಂತು. ಅದರಲ್ಲಿ ಆ ಹುಳುವಿನ ಹೆಸರನ್ನು ಒತ್ತಿದೆ, ಅದರ ವಂಶಾವಳಿ ಬಂತು. ಅಲ್ಲಿಂದ ಇನ್ನೊಂದನ್ನು ಒತ್ತಿದರೆ ದೂರದ ವಸ್ತುಸಂಗ್ರಹಾಲಯದಲ್ಲಿಟ್ಟ ಅದೇ ಜಾತಿಯ ಚಿಪ್ಪಿನ ಚಿತ್ರ, ಮತ್ತೊಂದನ್ನು ಒತ್ತಿದರೆ ಅದರ ಡಿಎನ್‌ಎಯ ಅಕ್ಷರಗಳು ಸಾಲುಸಾಲಾಗಿ. ಒಂದು ಕಾರ್ಡು ಬರೆಯಲು ನನಗೆ ಹಿಡಿಯುತ್ತಿದ್ದ ಹೊತ್ತಿನಲ್ಲಿ ಇಷ್ಟೆಲ್ಲ ಆಯಿತು. ನಾನು ಎದ್ದು ಒಂದು ಲೋಟ ನೀರು ಕುಡಿದು ಬಂದು ಮತ್ತೆ ಮೊದಲಿನಿಂದ ಒತ್ತಿದೆ. ಅವಳು ನಗುತ್ತಿದ್ದಳು.

"ಆಂಟಿ, ಅದು ಓಡಿಹೋಗಲ್ಲ."

"ಗೊತ್ತೈತಿ. ನಂಗ ಇನ್ನೊಮ್ಮೆ ನೋಡಬೇಕು" ಎಂದೆ.

ಹೀಗೆ ಬೇಸಿಗೆ, ಮಳೆಗಾಲ ಹೋದವು. ಅವಳು ಸಾಫ್ಟ್‌ವೇರಿಗೆ ವಿವರಗಳನ್ನು ತುಂಬಿ, ಪ್ರತಿ ಲೇಖನಕ್ಕೂ ಸಂಖ್ಯೆ ಪಡೆದು, ಉಲ್ಲೇಖಗಳನ್ನು ಜೋಡಿಸಿದಳು. ನಮ್ಮ ಲೇಖಕರು ಬಹುವಾಗಿ ನಮ್ಮದೇ ಪತ್ರಿಕೆಯ ಹಳೆಯ ಲೇಖನಗಳನ್ನು ಉಲ್ಲೇಖಿಸುತ್ತಾರೆ, ಆದ್ದರಿಂದ ಒಳಗೊಳಗೇ ಕೊಂಡಿಗಳು ಬಳ್ಳಿಯಂತೆ ಹಬ್ಬಿದವು. ನಾನು ಒಂದೊಂದನ್ನೂ ಒತ್ತಿ ನೋಡಿದೆ. ತೆರೆದರೆ ಸರಿ ಗುರುತು, ತೆರೆಯದಿದ್ದರೆ ತಪ್ಪು ಗುರುತು. ಎಲ್ಲವೂ ತೆರೆದವು. ಸಂಪಾದಕರು ಸೂಚಿಯವರಿಗೆ ಅರ್ಜಿ ಹಾಕಿದರು. ದೀಪಾವಳಿ ಕಳೆದು ಒಂದು ತಿಂಗಳಿಗೆ ನೋಡುತ್ತೇವೆ ಎಂದು ಅವರಿಂದ ಉತ್ತರ ಬಂತು. ದಸರೆಗೆ ಕೋಣೆಯ ಕಂಪ್ಯೂಟರುಗಳಿಗೆ ಚೆಂಡುಹೂವಿನ ಮಾಲೆ ಹಾಕಿದೆವು. ಎಲ್ಲ ಮುಗಿಯಿತೆಂದುಕೊಂಡೆವು.

ದಸರೆ ಕಳೆದ ವಾರ ಫೋನು ಬಂತು. ಸಂಪಾದಕರು ಕೆಳಗೆ ಚಹಾ ಹೇಳಲು ಹೋಗಿದ್ದರು, ನಾನೇ ಎತ್ತಿದೆ.

"ನಮಸ್ಕಾರ್ರಿ ಮೇಡಂ. ಬೀದರ್ ಕಡಿಂದ ಮಾತಾಡ್ಲಿಕತ್ತೀನಿ. ದನದ ಡಾಕ್ಟರ್ ಇದ್ದೀನಿ."

"ಹೇಳ್ರಿ."

"ನಿಮ್ಮ ಪತ್ರಿಕಾದಾಗ ಆಡಿನ ಜಂತಿಂದು ಒಂದು ಪೇಪರ್ ಓದ್ಲಿಕತ್ತಿದ್ದೆ. ತೆಳಗ ಹಳೇ ಪೇಪರಿಂದು ಲಿಂಕ್ ಕೊಟ್ಟೀರಿ. ಒತ್ತಿದೆ. ಮೀನ ಬಂತು."

"ಯಾವ ಮೀನು?"

"ಮರಲ್ ಮೀನ್ರಿ. ಯಾವ್ದರೆ ಆಗ್ಲಿ, ಆಡಂತೂ ಅಲ್ಲ. ಮತ್ತೊಂದು ಒತ್ತಿದೆ. ಕೋಳಿ ಹೇನು ಕೇಳಿದ್ರ ಬದನಿಕಾಯಿ ಹುಳ ಕೊಟ್ಟೀರಿ. ಮುಂಜಾನಿಂದ ಒತ್ಲಿಕತ್ತೀನಿ, ಒಂದೂ ಖರೇ ಬಂದಿಲ್ಲ. ನಂಗ ಮಜಾ ಅನಸ್ಲಿಕತ್ತದ, ಆದರ ನಿಮಗ ಹೇಳಬೇಕಂತ ಫೋನ್ ಹಚ್ಚಿದೆ."

ಅವರಿಗೆ ವಂದನೆ ಹೇಳಿ ಫೋನಿಟ್ಟೆ. ಆಡಿನ ಲೇಖನ ತೆಗೆದು ನಾನೇ ಒತ್ತಿದೆ. ಮೀನು ಬಂತು. ತೆರೆಯುತ್ತದೆಯೋ ಇಲ್ಲವೋ ಎಂದು ನೋಡಿದ್ದೆನೇ ಹೊರತು ತೆರೆದದ್ದು ಯಾವುದು ಎಂದು ನೋಡಿರಲಿಲ್ಲ. ಗ್ರಂಥಾಲಯದಲ್ಲಿ ಕಪಾಟಿನ ಜಾಗದಲ್ಲಿ ಪುಸ್ತಕವಿದ್ದರೆ ಅದು ಆ ಪುಸ್ತಕವೇ ಆಗಿರುತ್ತಿತ್ತು, ಏಕೆಂದರೆ ಇಟ್ಟವಳು ನಾನು.

ಸಂಪಾದಕರು ಚಹದ ಬಟ್ಟಲು ಹಿಡಿದು ಒಳಗೆ ಬಂದರು. ಹೇಳಿದೆ. ಅವರು ಬಟ್ಟಲು ಇಟ್ಟು ಕುಳಿತರು. "ಸೂಚಿಯವರು ಹಿಂಗ ಒತ್ತಿದ್ರ?" ಎಂದರು. "ಆಡಿಗೆ ಮೀನು ಬಂದ್ರ ನಮ್ಮನ್ನ ತಗೋತಾರೇನ್ರಿ?"

ಮಣಿಕೊಂಡದವಳು ಅರ್ಧ ದಿನ ರಜೆ ಹಾಕಿ ಮೆಟ್ರೋ ಹತ್ತಿ ಬಂದಳು. ನಮ್ಮದೇ ಪತ್ರಿಕೆಗೆ ಹೋಗುವ ಹತ್ತು ಕೊಂಡಿಗಳನ್ನು ಒತ್ತಿದಳು, ಹತ್ತೂ ತಪ್ಪು. ನಡುವೆ ಒಂದೆರಡು ಸರಿಯಿದ್ದಿದ್ದರೆ ಅವಳಿಗೆ ಗಾಬರಿಯಾಗುತ್ತಿತ್ತಂತೆ. ಹತ್ತೂ ತಪ್ಪಿದ್ದರಿಂದ ಮುಖ ತಿಳಿಯಾಯಿತು.

"ಆಂಟಿ, ಎಲ್ಲಾ ತಪ್ಪಾದ್ರೆ ಕಾರಣ ಒಂದೇ ಇರುತ್ತೆ. ಈ ಆಡಿನ ಪೇಪರ್ ನಿಜವಾಗಿ ಎಲ್ಲಿದೆ, ಪುಸ್ತಕದಲ್ಲಿ ತೋರಿಸಿ."

ಕಪಾಟಿನಿಂದ ಆ ಸಂಪುಟ ತೆಗೆದೆ. ಉಲ್ಲೇಖದಲ್ಲಿ ಮೊದಲ ಸಂಚಿಕೆ ಎಂದಿತ್ತು. ಮೊದಲ ಸಂಚಿಕೆ ತೆರೆದು ತೋರಿಸಿದೆ. ಆಡು ಅಲ್ಲಿತ್ತು.

ಅವಳು ಮುಖಪುಟ ನೋಡಿದಳು. "ಇದು ಯುಗಾದಿ ಸಂಚಿಕೆ ಕದಾ?"

"ಹೌದು. ಮೊದಲನೇದು."

"ಆಗಂಡಿ, ಒಂದ್ನಿಮಿಷ. ಮೊದಲನೇದು ಸಂಕ್ರಾಂತಿ ಅಲ್ವಾ? ಜನವರಿ?"

"ಸಂಕ್ರಾಂತಿ ಕಡೀದು."

ಅವಳು ನನ್ನನ್ನೂ ಸಂಪಾದಕರನ್ನೂ ಒಬ್ಬರ ನಂತರ ಒಬ್ಬರನ್ನು ನೋಡಿದಳು.

ವಿಷಯ ಇಷ್ಟೇ. ಸಂಘ ಕಟ್ಟಿದ ಹಿರಿಯರು ಪತ್ರಿಕೆಯ ವರ್ಷವನ್ನು ಯುಗಾದಿಗೆ ಆರಂಭಿಸಿದ್ದರು. ನಾಲ್ಕು ಸಂಚಿಕೆ: ಯುಗಾದಿ, ಶ್ರಾವಣ, ದಸರಾ, ಸಂಕ್ರಾಂತಿ. ಮುಖಪುಟದ ಮೇಲೆ ಹಬ್ಬದ ಹೆಸರು, ಇಸವಿ, ಅಷ್ಟೇ. ಸಂಚಿಕೆಯ ಸಂಖ್ಯೆ ಅಚ್ಚಿಸುವುದು ಅವರಿಗೆ ದಂಡ ಖರ್ಚೆನಿಸಿರಬೇಕು; ಯಾವ ಹಬ್ಬ ಮೊದಲು ಯಾವುದು ಕೊನೆ ಎಂದು ಯಾರಿಗೆ ಗೊತ್ತಿಲ್ಲ? ಕನ್ನಡದವರಿಗೂ ತೆಲುಗಿನವರಿಗೂ ಯುಗಾದಿಯೇ ಹೊಸ ವರ್ಷ. ಲೇಖಕರೆಲ್ಲ ಯುಗಾದಿಯನ್ನು ಒಂದನೆಯದೆಂದೇ ಉಲ್ಲೇಖಿಸುತ್ತ ಬಂದರು. ನಾನೂ ಹಾಗೆಯೇ ರಟ್ಟು ಕಟ್ಟಿಸಿದೆ. ಮಣಿಕೊಂಡದವಳ ಮುಂದೆ ಬಿಡಿ ಸಂಚಿಕೆಗಳ ಸ್ಕ್ಯಾನುಗಳಿದ್ದವು. ಅವಳು ಇಸವಿಯ ಪ್ರಕಾರ ಜನವರಿಯ ಸಂಕ್ರಾಂತಿಯನ್ನು ಒಂದನೆಯದು ಮಾಡಿ, ಯುಗಾದಿಯನ್ನು ಎರಡನೆಯದು ಮಾಡಿದಳು. ಹಾಗಾಗಿ ಯುಗಾದಿಯ ಲೇಖನ ಕೇಳಿದರೆ ಸಂಕ್ರಾಂತಿಯದು ತೆರೆಯುತ್ತಿತ್ತು, ಶ್ರಾವಣ ಕೇಳಿದರೆ ಯುಗಾದಿ, ದಸರೆ ಕೇಳಿದರೆ ಶ್ರಾವಣ. ನಮ್ಮ ಪತ್ರಿಕೆಯ ಕೊಂಡಿಗಳೆಲ್ಲ ಒಂದು ಹಬ್ಬ ಹಿಂದೆ ಬಿದ್ದಿದ್ದವು. ಪುಟಸಂಖ್ಯೆ ಪ್ರತಿ ಸಂಚಿಕೆಗೂ ಹೊಸದಾಗಿ ಒಂದರಿಂದ ಶುರುವಾಗುತ್ತಿದ್ದುದರಿಂದ ಪ್ರತಿ ಸಲವೂ ಏನಾದರೊಂದು ಲೇಖನ ಸಿಕ್ಕೇ ಸಿಗುತ್ತಿತ್ತು.

"ಯಾರಂಡಿ ಯುಗಾದಿಗೆ ವರ್ಷ ಶುರು ಮಾಡೋದು?" ಎಂದಳು ಅವಳು.

"ನಿಮ್ಮ ಮನ್ಯಾಗ ಮಾಡಂಗಿಲ್ಲೇನವಾ?" ಎಂದರು ಸಂಪಾದಕರು.

"ಬೇವಿನ ಪಚ್ಚಡಿ ತಿಂತೀವಿ ಸರ್. ಸಂಪುಟ ಶುರು ಮಾಡಲ್ಲ."

ಅವರಿಗೆ ಆ ಸ್ಥಿತಿಯಲ್ಲೂ ನಗು ತಡೆಯಲಾಗಲಿಲ್ಲ. ನಾವು ಮೂವರೂ ನಕ್ಕೆವು. ಆಮೇಲೆ ಸಂಪಾದಕರು ಮೆಲ್ಲಗೆ ಕೇಳಿದರು.

"ಯುಗಾದಿ ಬಿಟ್ಟ ಬಿಡೂಣೇನವಾ? ಜನವರಿ ಮಾಡ್ಕೊಂಡ್ರ ಪತ್ರಿಕಾ ಉಳಿತೈತಿ ಅಂದ್ರ ನಾ ತಯಾರದೀನಿ."

"ಬೇಡ ಸರ್. ಕಂಪ್ಯೂಟರ್‌ಗೆ ಯುಗಾದಿ ಹೇಳಿಕೊಡೋದು ಈಸಿ. ಆಗಲೇ ಪ್ರಿಂಟ್ ಆಗಿಹೋದ ಉಲ್ಲೇಖಗಳಿಗೆಲ್ಲ ಜನವರಿ ಹೇಳಿಕೊಡೋದು ಕಷ್ಟ. ಜನ ಹೆಂಗ ಬರೆದಾರೋ ನಾವು ಹಂಗೇ ಇರಬೇಕು."

ಆ ಮಾತು ನನಗೆ ಹಿಡಿಸಿತು. ಆದರೆ ಮುಂದಿನದಕ್ಕೆ ಅವಳ ಜೊತೆ ನನ್ನ ಜಗಳವಾಯಿತು. ಪ್ರತಿ ಲೇಖನದ ಶಾಶ್ವತ ಸಂಖ್ಯೆಯ ಬಾಲದಲ್ಲಿ ಅವಳು ಸಂಪುಟ, ಸಂಚಿಕೆ, ಲೇಖನದ ಕ್ರಮ ಹಾಕಿದ್ದಳು. ಯುಗಾದಿಯ ಸಂಚಿಕೆ ನಿಜವಾಗಿ ಒಂದನೆಯದು, ಅದರ ಸಂಖ್ಯೆಯಲ್ಲಿ ಎರಡು ಎಂದಿತ್ತು. ಸಂಕ್ರಾಂತಿಯವುಗಳಲ್ಲಂತೂ ಸಂಪುಟವೇ ತಪ್ಪು. ವಿವರಗಳನ್ನು ತಿದ್ದೋಣ, ಕೊಂಡಿಗಳನ್ನು ಹೊಸದಾಗಿ ಜೋಡಿಸೋಣ, ಸಂಖ್ಯೆಗಳನ್ನು ಮಾತ್ರ ಮುಟ್ಟುವಂತಿಲ್ಲ ಎಂದಳು ಅವಳು.

"ತಪ್ಪು ಕಣ್ಣಿಗೆ ಕಾಣಾಕತ್ತೈತಿ. ಅದನ್ನ ಹಂಗ ಬಿಡೂದಾ?"

"ಆಂಟಿ, ಅದು ರಿಜಿಸ್ಟರ್ ಆಗಿದೆ. ಹೊರಗಿನವರು ಆ ನಂಬರ್ ತಗೊಂಡು ಬರ್ತಿದ್ದಾರೆ. ಈಗ ಬದಲಾಯಿಸಿದ್ರೆ ಅವರೆಲ್ಲ ಖಾಲಿ ಮನೆ ಮುಂದೆ ನಿಲ್ತಾರೆ. ಅದು ಬರೀ ಹೆಸರು. ಅದರೊಳಗೆ ಅರ್ಥ ಹುಡುಕಬಾರದು."

"ಹಂಗಾರ ಅರ್ಥ ಇಲ್ಲದ್ದನ್ನ ಹಾಕಬೇಕಿತ್ತು."

"ಹಾಕಬೇಕಿತ್ತು" ಎಂದು ಒಪ್ಪಿಕೊಂಡಳು. "ಕಂಪನೀಲಿ ಹಂಗೇ ಹಾಕ್ತೀವಿ. ಇಲ್ಲಿ ನಿಮಗೆ ಚೆಂದ ಕಾಣಲಿ ಅಂತ ಹಿಂಗ ಹಾಕಿದೆ."

ನನ್ನ ಶಿಸ್ತು ನೋಡಿ ನನಗಾಗಿ ಮಾಡಿದ ಅಲಂಕಾರವಂತೆ ಅದು. ಅಲ್ಲಿಯವರೆಗೆ ಕಿಟಕಿಯ ಹೊರಗೆ ನೋಡುತ್ತಿದ್ದ ಸಂಪಾದಕರು ನಡುವೆ ಬಂದರು.

"ನಮ್ಮೂರಾಗ ಹೊಸಬಾವಿ ಅಂತ ಒಂದು ಬಾವಿ ಐತ್ರಿ ಬಾಯಾರ. ನಮ್ಮ ಮುತ್ತ್ಯಾನ ಮುತ್ತ್ಯಾನೂ ಅದರ ನೀರ ಕುಡದಾನ. ಇನ್ನೂ ಹೊಸಬಾವಿ ಅಂತಾರ. ನೀರ ಸೇದಾಕ ಬಂದವರು ಒಬ್ಬರೂ ದಾರಿ ತಪ್ಪಿಲ್ಲ."

ಅಲ್ಲಿಗೆ ಜಗಳ ಮುಗಿಯಿತು. ಸಂಖ್ಯೆಗಳು ಇಂದಿಗೂ ಹಾಗೆಯೇ ಇವೆ. ಅವುಗಳ ಮೇಲೆ ಕಣ್ಣು ಬಿದ್ದಾಗ ಈಗಲೂ ನನ್ನ ಕೈ ತುರಿಸುತ್ತದೆ, ಒಪ್ಪಿಕೊಳ್ಳುತ್ತೇನೆ.

ಅವಳು ಎರಡು ಶನಿವಾರಗಳಲ್ಲಿ ಹಬ್ಬಗಳ ಕ್ರಮ ತಿದ್ದಿ, ಉಲ್ಲೇಖಗಳನ್ನೆಲ್ಲ ಮತ್ತೆ ಜೋಡಿಸಿದಳು. ಪರೀಕ್ಷಿಸುವ ಕೆಲಸ ನಮ್ಮಿಬ್ಬರಿಗೆ ಬಿತ್ತು. ಈ ಸಲ ಬೇರೆ ಪದ್ಧತಿ ಹಾಕಿದೆ. ಅಚ್ಚಿನ ಮನೆಗಳಲ್ಲಿ ಮೊದಲು ಕರಡು ತಿದ್ದುವಾಗ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುತ್ತಿದ್ದರು, ಇನ್ನೊಬ್ಬರು ಅಚ್ಚಾದದ್ದರ ಮೇಲೆ ಕಣ್ಣಾಡಿಸುತ್ತಿದ್ದರು. ಅದನ್ನೇ ಇಲ್ಲಿ ಜಾರಿಗೆ ತಂದೆ. ಸಂಪಾದಕರು ರಟ್ಟಿನ ಸಂಪುಟ ಹಿಡಿದು ಉಲ್ಲೇಖದ ಶೀರ್ಷಿಕೆಯನ್ನು ಗಟ್ಟಿಯಾಗಿ ಓದಬೇಕು. ನಾನು ಒತ್ತಿ, ತೆರೆದದ್ದರ ಶೀರ್ಷಿಕೆಯನ್ನು ಗಟ್ಟಿಯಾಗಿ ಓದಬೇಕು. ಎರಡೂ ಒಂದೇ ಆದರೆ ಮುಂದಿನದು. ಅವರು ಶೀರ್ಷಿಕೆಯನ್ನು ಇಂಗ್ಲಿಷಿನಲ್ಲಿ ಓದಿ, ಪುಟಸಂಖ್ಯೆ ಬಂದ ಕೂಡಲೇ ಉರ್ದುವಿಗೆ ಹಾರುತ್ತಿದ್ದರು, "ಪೇಜ್ ಸತ್ತಾಯೀಸ್" ಎಂದು. ಅವರು ಶಾಲೆಯಲ್ಲಿ ಕನ್ನಡದಲ್ಲಿ ಮಗ್ಗಿ ಕಲಿತವರು, ಆದರೆ ಈ ಊರಿನ ಅಂಗಡಿ, ಆಟೋ, ಬಸ್ಸು ಸೇರಿ ಅವರ ಎಣಿಕೆಯನ್ನು ಬದಲಾಯಿಸಿಬಿಟ್ಟಿದ್ದವು. ಶನಿವಾರ ಮಣಿಕೊಂಡದವಳು ಬಂದರೆ ಅವಳ ಎಣಿಕೆ ತೆಲುಗಿನಲ್ಲಿ. ನಾನು ಮಾತ್ರ ಇಪ್ಪತ್ತೇಳು ಎನ್ನುತ್ತಿದ್ದೆ. ಬಾಗಿಲ ಮುಂದೆ ಹಾದುಹೋಗುವ ಹುಡುಗರು ಇಣುಕಿ ನೋಡುತ್ತಿದ್ದರು. ಇಬ್ಬರು ಮುದುಕರು ಎದುರುಬದುರು ಕೂತು, "ಎಮ್ಮೆಯ ಪಿತ್ತಕೋಶದ ಚಪ್ಪಟೆಹುಳ" ಎಂದರೆ "ಎಮ್ಮೆಯ ಪಿತ್ತಕೋಶದ ಚಪ್ಪಟೆಹುಳ" ಎಂದು ಉತ್ತರ ಕೊಡುವುದನ್ನು ಕಂಡು ಅವರು ಏನೆಂದುಕೊಂಡರೋ.

ಆ ದಿನಗಳಷ್ಟು ಸೊಗಸಾದ ದಿನಗಳನ್ನು ನಿವೃತ್ತಿಯ ಆಚೆ ನಾನು ಕಂಡಿಲ್ಲ. ಎಷ್ಟೋ ವರ್ಷ ಆ ಸಂಪುಟಗಳ ಧೂಳು ಒರೆಸಿದ್ದೆ, ಒಳಗೆ ಇಷ್ಟೊಂದು ಜನ ಇಷ್ಟೊಂದು ತಾಳ್ಮೆಯಿಂದ ಏನೇನು ನೋಡಿದ್ದಾರೆಂದು ಗೊತ್ತಿರಲಿಲ್ಲ. ರಾಯಚೂರಿನ ಒಬ್ಬ ಉಪನ್ಯಾಸಕಿ ಭತ್ತದ ಗದ್ದೆಯ ಏಡಿಗಳನ್ನು ಒಂದಿಡೀ ಮಳೆಗಾಲ ಎಣಿಸಿದ್ದಳು. ಅವಳನ್ನು ಆಧರಿಸಿ ಇನ್ನೊಬ್ಬ, ಅವನನ್ನು ಆಧರಿಸಿ ಮತ್ತೊಬ್ಬ. ಕೊಂಡಿಯನ್ನು ಒತ್ತುತ್ತ ಹೋದರೆ ಒಬ್ಬರ ಹೆಗಲ ಮೇಲೆ ಇನ್ನೊಬ್ಬರ ಕೈ ಕಾಣುತ್ತಿತ್ತು. ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಇದನ್ನೆಲ್ಲ ಹೇಳುತ್ತಿದ್ದೆ. "ಊಟದಾಗ ಜಂತು ಬ್ಯಾಡ" ಎಂದು ಅವರು ಕೈಮುಗಿಯುತ್ತಿದ್ದರು.

ಒಂದು ಮಧ್ಯಾಹ್ನ ಸಂಪಾದಕರ ಸ್ವಂತ ಲೇಖನವೇ ಬಂತು. ಬೇಗಂ ಬಜಾರಿನ ಗೋದಾಮುಗಳ ಅಕ್ಕಿಯಲ್ಲಿ ಬರುವ ಹುಳುಗಳ ಮೇಲೆ ಅವರು ಪ್ರಾಯದಲ್ಲಿ ಬರೆದದ್ದು. ಅವರು ಓದುವುದನ್ನು ನಿಲ್ಲಿಸಿದರು.

"ಇದಕ್ಕ ನಾ ಒಂದು ಚೀಲ ಅಕ್ಕಿ ಜರಡಿ ಹಿಡದೀನ್ರಿ. ಸೇಟ್ ನಿಂತು ನೋಡ್ತಿದ್ದ. ಕ್ಯಾ ಸಾಬ್, ಲೋಗಾಂ ಕೀಡೇ ಫೇಂಕ್ ಕೋ ಚಾವಲ್ ಲೇ ಜಾತೇ, ಆಪ್ ಚಾವಲ್ ಛೋಡ್ ಕೋ ಕೀಡೇ ಲೇ ಜಾತೇ ಅಂದ. ಮಂದಿ ಹುಳ ಒಗದು ಅಕ್ಕಿ ಒಯ್ತಾರ, ನೀವು ಅಕ್ಕಿ ಬಿಟ್ಟು ಹುಳ ಒಯ್ತೀರಿ ಅಂತ. ಮ್ಯಾಲ ನಂಗ ಚಹಾ ಕುಡಿಸಿದ. ಯಾಕಂದ್ರ ಅವನ ಚೀಲ ಸ್ವಚ್ಛ ಆತು."

ಆ ಲೇಖನದ ಪುಟದ ಕೆಳಗೆ, ಇದನ್ನು ಉಲ್ಲೇಖಿಸಿದವರು ಎಂಬ ಜಾಗದಲ್ಲಿ, ಹೊಸದಾಗಿ ಒಂದು ಸಾಲು ಮೂಡಿತ್ತು. ಒತ್ತಿದೆ. ಸಮುದ್ರದಾಚೆಯ ಒಂದು ದೇಶದ ಗೋದಾಮಿನಲ್ಲಿ ಅದೇ ಜಾತಿಯ ಹುಳುವನ್ನು ಹಿಡಿದು, ಅದರ ಡಿಎನ್‌ಎ ತೆಗೆದು ಅಂತರ್ಜಾಲದ ಡಿಎನ್‌ಎ ಸಂಗ್ರಹಕ್ಕೆ ಸೇರಿಸಿದ ಯಾರೋ, ಈ ಹುಳು ಎಲ್ಲೆಲ್ಲಿ ಕಂಡುಬಂದಿದೆ ಎಂದು ಬರೆಯುವಾಗ ಬೇಗಂ ಬಜಾರನ್ನು ಹೆಸರಿಸಿದ್ದರು. ಆ ಡಿಎನ್‌ಎಯ ಕೊಂಡಿಯನ್ನೂ ಒತ್ತಿ ತೋರಿಸಿದೆ. ಸಂಪಾದಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನಮ್ಮ ಬೇಗಂ ಬಜಾರದ ಹುಳ ಎಲ್ಲಿಗೆ ಹೋಗೈತಿ ನೋಡ್ರಿ" ಎಂದರು. "ನಂದು ಇನ್ನೂ ಪಾಸ್‌ಪೋರ್ಟ್ ಆಗಿಲ್ಲ."

ಆ ಪುಟವನ್ನು ಮತ್ತೊಮ್ಮೆ ಒತ್ತಿಸಿ ನೋಡಿದರು. ನಾನು ಅವಸರ ಮಾಡಲಿಲ್ಲ. ಹೀಗೆ ಕಂಡದ್ದು ಉಳಿಯುತ್ತದೋ ಇಲ್ಲವೋ ಎಂಬುದು ಇನ್ನೊಬ್ಬರ ಕೈಯಲ್ಲಿತ್ತು. ಪತ್ರಿಕೆ ಮುಚ್ಚಿದರೆ ಈ ಪುಟಗಳನ್ನು ಅಂತರ್ಜಾಲದಲ್ಲಿ ಎಷ್ಟು ದಿನ ಯಾರು ಕಾಯುತ್ತಾರೆಂದು ನಮಗೆ ಗೊತ್ತಿರಲಿಲ್ಲ.

ಸೂಚಿಯವರು ನೋಡುವ ಮುನ್ನ ಕೆಲಸ ಮುಗಿಯಿತು. ಕಡೆಯ ಸಂಪುಟದ ಕಡೆಯ ಉಲ್ಲೇಖವನ್ನು ಮೂವರೂ ಒಟ್ಟಿಗೆ ಓದಿದೆವು. ನಂತರ ಕಾಯುವುದು. ಕಾಯುವ ಕಾಲದಲ್ಲಿ ನಾನು ಕೋಣೆಯನ್ನು ಎರಡು ಸಲ ತೊಳೆಸಿದೆ. ಸಂಪಾದಕರು ಬೆಳಿಗ್ಗೆ ಬರುವುದು, ಕಂಪ್ಯೂಟರಿನ ಅಂಚೆಪೆಟ್ಟಿಗೆ ತೆರೆಯುವುದು, ಮುಚ್ಚುವುದು. ಸಂಘದ ಸಭೆಯ ಸೂಚನಾಪತ್ರವನ್ನು ಅವರೇ ಬರೆದು ಕಳಿಸಿದರು. "ಪತ್ರಿಕೆಯ ಭವಿಷ್ಯ" ಎಂಬುದು ಅದರಲ್ಲಿದ್ದ ಒಂದೇ ವಿಷಯ.

ಸಂಕ್ರಾಂತಿಗೆ ಇನ್ನೂ ಕೆಲವು ದಿನಗಳಿದ್ದಾಗ ಒಂದು ಬೆಳಿಗ್ಗೆ ನಾನು ಹೋದಾಗ ಅವರು ಪರದೆಯ ಮುಂದೆ ನಿಂತಿದ್ದರು. ಕುಳಿತಿರಲಿಲ್ಲ.

"ಬಾಯಾರ, ನೀವ ಓದ್ರಿ. ನಾ ತಪ್ಪ ಓದೀನಿ ಅನಸ್ತೈತಿ."

ಗಟ್ಟಿಯಾಗಿ ಓದಿದೆ. ಪತ್ರಿಕೆಯನ್ನು ಸೇರಿಸಿಕೊಂಡಿದ್ದೇವೆ. ಪರೀಕ್ಷೆಗೆ ಆರಿಸಿಕೊಂಡ ಉಲ್ಲೇಖಗಳೆಲ್ಲ ಸರಿಯಾದ ಲೇಖನಗಳಿಗೇ ಹೋದವು. ನಿಮ್ಮ ಸಂಪುಟ ವಸಂತದಲ್ಲಿ ಆರಂಭವಾಗುತ್ತದೆಂದು ದಾಖಲಿಸಿಕೊಂಡಿದ್ದೇವೆ.

"ಹಂಗ ಐತೇನ್ರಿ?"

"ಹಂಗ ಐತಿ."

ಅವರು ಕುಳಿತರು. ಮಣಿಕೊಂಡದವಳಿಗೆ ಫೋನು ಹಚ್ಚಿದೆ. ಅವಳು ಯಾವುದೋ ಮೀಟಿಂಗಿನಲ್ಲಿದ್ದಳು, 'ಆಮೇಲೆ ಮಾಡ್ತೀನಿ' ಎಂದು ಸಂದೇಶ ಕಳಿಸಿದಳು. ನಾನು ಒಂದೇ ಪದ ಬರೆದು ಕಳಿಸಿದೆ: ಆಯಿತು. ತಕ್ಷಣ ಫೋನು ಬಂತು. ಮೀಟಿಂಗಿನಿಂದ ಎದ್ದು ಹೊರಗೆ ಬಂದಿದ್ದಳು. ಏನು ಹೇಳಿದಳೋ ತಿಳಿಯಲಿಲ್ಲ, ಪೂರ್ತಿ ತೆಲುಗಿನಲ್ಲಿತ್ತು, ಬಹಳ ವೇಗವಾಗಿತ್ತು.

ಸಭೆಯನ್ನು ರದ್ದು ಮಾಡಬಹುದಿತ್ತು. ಸಂಪಾದಕರು ಮಾಡಲಿಲ್ಲ. ಕರೆದದ್ದು ಕರೆದಾಯಿತು ಎಂದರು. ಸಂಘದ ಸದಸ್ಯರು ಬೀದರಿನಿಂದ, ಕಲಬುರಗಿಯಿಂದ, ನಗರದ ಬೇರೆ ಬೇರೆ ಮೂಲೆಗಳಿಂದ ಬಂದರು. ಮುಚ್ಚಲು ಬಂದವರಿಗೆ ಮುಚ್ಚಲು ಏನೂ ಇರಲಿಲ್ಲ. ಮಿರ್ಚಿ ಬಜ್ಜಿ ತಿಂದರು, ಚಹಾ ಕುಡಿದರು, ಕಂಪ್ಯೂಟರಿನ ಮುಂದೆ ಗುಂಪುಗೂಡಿ ತಂತಮ್ಮ ಹಳೆಯ ಲೇಖನಗಳನ್ನು ಹುಡುಕಿ ಒತ್ತಿ ಒತ್ತಿ ನೋಡಿದರು. ಹಿರಿಯರೊಬ್ಬರಿಗೆ ತಮ್ಮದೊಂದು ಲೇಖನ ಇತ್ತೆಂಬುದೇ ಮರೆತುಹೋಗಿತ್ತು. ಸರತಿ ತಪ್ಪಿಸಿ ಮುಂದೆ ನುಗ್ಗಿದವರನ್ನು ನಾನು ಹಿಂದಕ್ಕೆ ಕಳಿಸಿದೆ.

ಹೊರಡುವ ಹೊತ್ತಿಗೆ ನಡುವಯಸ್ಸಿನ ಮೂವರು ಅಧ್ಯಾಪಕರು ಸಂಪಾದಕರ ಮೇಜಿನ ಹತ್ತಿರ ಬಂದು ನಿಂತರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಲೇಖನದ ಪ್ರತಿ.

"ಸರ್, ಒಂದು ಪೇಪರ್ ಇತ್ತು" ಎಂದರು ಮೊದಲನೆಯವರು.

"ಎಲ್ಲಿತ್ತ್ರೀ ಇಷ್ಟ ದಿನ?"

"ಬ್ಯಾಗಿನಾಗ ಇತ್ರಿ ಸರ್."

"ಬೆಳಿಗ್ಗಿಂದ ಬ್ಯಾಗಿನಾಗ ಇಟ್ಕೊಂಡು ಕುಂತಿದ್ರೇನು? ಮುಚ್ಚೇವಿ ಅಂದಿದ್ರ ತಿರುಗಿ ಮನಿಗೆ ಒಯ್ತಿದ್ರಿ."

ಅವರು ತಲೆ ಕೆರೆದುಕೊಂಡು ನಕ್ಕರು. ಸಂಪಾದಕರು ಮೂರನ್ನೂ ತೆಗೆದುಕೊಂಡು, ಕನ್ನಡಕ ಏರಿಸಿ, ನಿಂತವರನ್ನು ನಿಲ್ಲಿಸಿಕೊಂಡೇ ಮೊದಲನೆಯದನ್ನು ಓದತೊಡಗಿದರು. ಹೋದ ಎರಡು ಮೂರು ವರ್ಷ ಅವರು ಬಂದ ಲೇಖನವನ್ನೆಲ್ಲ ಹೇಗಿದ್ದರೆ ಹಾಗೆ ಒಪ್ಪಿಕೊಂಡಿದ್ದರು. ಬೇಡವೆಂದರೆ ಪುಟ ತುಂಬಲು ಬೇರೆ ಇರುತ್ತಿರಲಿಲ್ಲ. ಈಗ ಎರಡು ಪುಟ ಓದಿ, ಮೂರನೆಯದನ್ನು ಮಗುಚಿ ನೋಡಿ, ಪ್ರತಿಯನ್ನು ಮಡಚಿ ಅವರ ಕೈಗೇ ಹಿಂದಿರುಗಿಸಿದರು.

"ಇದು ಆಗಂಗಿಲ್ಲ. ಐದು ಇಲಿ ನೋಡಿ ಜಗತ್ತಿನ ಇಲಿ ಎಲ್ಲಾ ಹಿಂಗ ಅಂತ ಬರದೀರಿ. ಇನ್ನಷ್ಟು ಹಿಡಕೊಂಡು ಬರ್ರಿ."

ಮೊದಲನೆಯವರ ಮುಖ ಇಳಿಯಿತು. ಉಳಿದ ಇಬ್ಬರು ತಮ್ಮ ಪ್ರತಿಗಳನ್ನು ವಾಪಸು ಕೇಳಲೋ ಬೇಡವೋ ಎಂದು ಯೋಚಿಸುವಂತೆ ಒಂದು ಹೆಜ್ಜೆ ಹಿಂದೆ ಸರಿದರು. ಸಂಪಾದಕರು ಎರಡನೆಯದನ್ನು ಕೈಗೆತ್ತಿಕೊಂಡು, ಕೆಂಪು ಪೆನ್ನಿಗಾಗಿ ನನ್ನ ಕಡೆ ಕೈ ಚಾಚಿದರು.